ಬೆಳಗಿನ ಹೂಂ

ಬಸ್ಸು ದೊಡ್ಡ ತಿರುವು ದಾಟಿ ಸೇತುವೆ ಹತ್ತುವ ಹೊತ್ತಿಗೆ ಅವನಿಗೆ ಥಟ್ಟನೆ ಹೊಳೆಯಿತು, ಮನೆ ಬಿಡುವ ಮುಂಚೆ ತಾನು ಹೆಂಡತಿಯ ಯಾವುದೋ ಮಾತಿಗೆ ಹೂಂ ಅಂದು ಬಂದಿದ್ದೇನೆ ಎಂದು. ಯಾವ ಮಾತಿಗೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಕಿಟಕಿಯ ಸರಳಿಗೆ ಹಣೆ ಹಚ್ಚಿ, ಕಣ್ಣು ಮುಚ್ಚಿ, ನೆನಪು ಮಾಡಿಕೊಳ್ಳಲು ನೋಡಿದ. ತಾನು ಬಾಗಿಲ ಬಳಿ ಬಗ್ಗಿ ಶೂ ಲೇಸು ಕಟ್ಟುತ್ತಿದ್ದದ್ದು ನೆನಪಿತ್ತು. ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಒದ್ದೆ ಲೋಟ ಹಿಡಿದು ನಿಂತದ್ದು ನೆನಪಿತ್ತು; ಲೋಟದ ತಳದಿಂದ ಹನಿ ತೊಟ್ಟಿಕ್ಕಿದ ಸದ್ದು ಕೂಡ ನೆನಪಿತ್ತು, ಅಷ್ಟು ಸಣ್ಣ ಸದ್ದು. ಅವಳ ಮಾತು ತಗ್ಗಿದ ದನಿಯಲ್ಲಿ ಶುರುವಾಗಿ ಕೊನೆಗೆ ಸ್ವಲ್ಪ ಮೇಲಕ್ಕೆ ಹೋಯಿತು, ಅಂದರೆ ಅದು ಪ್ರಶ್ನೆ. ನಡುವೆ ಒಂದು ಕಡೆ ಉಸಿರು ತೆಗೆದುಕೊಂಡಳು, ಅಂದರೆ ಉದ್ದನೆಯ ಪ್ರಶ್ನೆ. ಇಷ್ಟೆಲ್ಲ ಇದೆ, ಮಾತೇ ಇಲ್ಲ. ಹೂಂ ಅಂದಿದ್ದ. ಅವಳು "ನಿಜವಾಗ್ಲೂ?" ಅಂದಳು. ಆ ಒಂದು ಮಾತು ಕೇಳಿಸಿತ್ತು. ಅದಕ್ಕೂ, ಇನ್ನೊಂದು ಶೂ ಕಾಲಿಗೆ ಏರಿಸುತ್ತ, ಹೂಂ ಅಂದುಬಿಟ್ಟಿದ್ದ. ತಲೆ ಎತ್ತಿದಾಗ ಅವಳ ಮುಖ ಬೇರೆ ಥರ ಇತ್ತು. ಸಿಟ್ಟಲ್ಲ, ದುಃಖವಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳ ಮುಖದ ಎಲ್ಲ ಬಣ್ಣಗಳನ್ನೂ ನೋಡಿ ಮುಗಿಸಿದ್ದೇನೆ ಅಂದುಕೊಂಡಿದ್ದವನಿಗೆ ಅದೊಂದು ಹೊಸದು. ಅವಳು ಲೋಟವನ್ನು ಅಲ್ಲೇ ಕಪಾಟಿನ ಮೇಲೆ ಬೋರಲು ಹಾಕಿ ಒಳಗೆ ಹೋದಳು.

ಅದಕ್ಕೇನಂತೆ, ಫೋನು ಜೇಬಿನಲ್ಲೇ ಇದೆ, ಕೇಳಿದರಾಯಿತು ಎಂದು ಯಾರಾದರೂ ಅಂದಾರು. ಅನ್ನುವವರಿಗೇನು, ಬಾಯಿಗೆ ಬಾಡಿಗೆಯೇ! ಸ್ವಲ್ಪ ದಿನದ ಹಿಂದೆ ಅವಳು ಹಲ್ಲು ಕೀಳಿಸಿಕೊಳ್ಳಬೇಕು, ಜೊತೆಗೆ ಬರ್ತೀರಾ ಅಂದಿದ್ದಳಂತೆ, ಇವನು ಹೂಂ ಅಂದಿದ್ದನಂತೆ. ಅವಳು ದಂತವೈದ್ಯರ ಬೆಂಚಿನ ಮೇಲೆ ಬಾಗಿಲು ನೋಡುತ್ತ ಕೂತಿದ್ದಾಗ ಇವನು ಮನೆಯ ಒಳಗಿನ ಕೋಣೆಯಲ್ಲಿ ಹೆಡ್‌ಫೋನು ಹಾಕಿಕೊಂಡು ಪಿಟೀಲಿನ ಕಮಾನು ತಂತಿ ಬಿಟ್ಟು ಮೇಲೇಳುವ ಸದ್ದನ್ನು ಮತ್ತೆ ಮತ್ತೆ ಕೇಳುತ್ತಿದ್ದ. ಅವಳು ಒಬ್ಬಳೇ ಹೋಗಿ, ಒಬ್ಬಳೇ ಕೀಳಿಸಿಕೊಂಡು, ಕೆನ್ನೆ ಊದಿಸಿಕೊಂಡು ಬಂದಳು. ಬಾಯಲ್ಲಿ ಹತ್ತಿ ಇಟ್ಟುಕೊಂಡೇ, ಒಂದೊಂದೇ ಅಕ್ಷರ ಬಿಡಿಸಿ ಬಿಡಿಸಿ ಹೇಳಿದ್ದಳು: "ನಿಮ್ಮ ಕಿವಿಗೆ ಊರೆಲ್ಲ ಸಂಬಳ ಕೊಡುತ್ತೆ, ನನಗದು ಬಿಟ್ಟಿನೂ ಸಿಗಲ್ಲ. ಇನ್ನೊಂದು ಸಲ ಹೀಗಾದ್ರೆ ನಿಮ್ಮ ಹತ್ರ ಮಾತಾಡೋದನ್ನೇ ಬಿಟ್ಟುಬಿಡ್ತೀನಿ." ಬೇರೆ ಯಾರಾದರೂ ಅಂದಿದ್ದರೆ ಅದು ನೋವಿನಲ್ಲಿ ಬಂದ ಮಾತು. ಇವಳದ್ದು ಹಾಗಲ್ಲ. ಪಕ್ಕದ ಮನೆಯಾಕೆಯ ಜೊತೆ ಬಟ್ಟೆ ಒಣಗಿಸುವ ಹಗ್ಗದ ವಿಷಯಕ್ಕೆ ಮಾತು ಬಿಟ್ಟವಳು ಇಂದಿನ ತನಕ ಆಡಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಗೋಡೆಯನ್ನು ನೋಡಿಕೊಂಡು ಇಳಿಯುತ್ತಾಳೆ. ತಾನೂ ಆ ಗೋಡೆಯ ಪಕ್ಕದವನಾಗಿಬಿಟ್ಟರೆ? ಈಗ ಫೋನು ಮಾಡಿ, ಬೆಳಿಗ್ಗೆ ನೀನು ಕೇಳಿದ್ದೇನು ಅನ್ನುವುದೆಂದರೆ ತಾನಾಗಿ ಹೋಗಿ ಕೊಡಲಿಗೆ ಕತ್ತು ಕೊಟ್ಟ ಹಾಗೆ. ಅವನು ಫೋನನ್ನು ಜೇಬಿನ ಆಳಕ್ಕೆ ತಳ್ಳಿದ.

ಅಷ್ಟಕ್ಕೂ ಆ ಹೊತ್ತಿನಲ್ಲಿ ಅವನ ತಲೆಯೊಳಗೆ ಇದ್ದದ್ದು ಒಂದು ಪೆಟ್ಟಿಗೆ. ಹಿಂದಿನ ದಿನ ಅವನು ಕೆಲಸ ಮಾಡುವ ಆಡಿಯೋ ಅಂಗಡಿಗೆ ಬಂದಿಳಿದಿದ್ದ ಕನ್ವರ್ಟರ್. ಹಾಡನ್ನು ಅಂಕಿಗಳಾಗಿ ಬರೆದಿಟ್ಟಿರುತ್ತಾರಲ್ಲ, ಆ ಅಂಕಿಗಳನ್ನು ಮತ್ತೆ ದನಿಯಾಗಿ ಮಾಡುವುದು ಅದರ ಕೆಲಸ. ಎರಡು ಕೈಯಲ್ಲೂ ಎತ್ತಬೇಕಾದಷ್ಟು ಭಾರ, ಮೈಮೇಲೆ ಒಂದೇ ಒಂದು ಗುಂಡಿ, ಹಿಂದೆ ಮಾತ್ರ ತೂತುಗಳ ಸಂತೆ. ಅದನ್ನು ಪೊಟ್ಟಣದಿಂದ ತೆಗೆದು ಮೊದಲ ಸಲ ಹಚ್ಚಿದಾಗ, ಹಾಡುವಾಕೆ ಹಾಡಲು ಬಾಯಿ ತೆರೆಯುವ ಮುಂಚೆ ತುಟಿ ಬಿಡಿಸಿಕೊಂಡ ಸದ್ದು ಕೇಳಿ ಅವನ ರೋಮ ಎದ್ದು ನಿಂತಿತ್ತು. ಆದರೆ ಪೆಟ್ಟಿಗೆ ಒಂದರಿಂದಲೇ ಏನೂ ಆಗುವುದಿಲ್ಲ, ಅದಕ್ಕೊಂದು ಆಂಪ್ಲಿಫೈಯರ್ ಬೇಕು, ಆಂಪಿಗೆ ತಕ್ಕ ಸ್ಪೀಕರ್ ಬೇಕು, ನಡುವೆ ತಕ್ಕ ತಂತಿ ಬೇಕು. ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ಹೇಳುವುದೇ ಅವನ ಉದ್ಯೋಗ. ಅದಕ್ಕೇ ಅಂಗಡಿಯವರೆಲ್ಲ ಅವನನ್ನು ಮದುವೆ ದಲ್ಲಾಳಿ ಎಂದು ಕರೆಯುತ್ತಿದ್ದರು. ಯಜಮಾನರು ಒಳ್ಳೆಯ ಮನಸ್ಸಿನಲ್ಲಿದ್ದಾಗ ದಲ್ಲಾಳಿಗಳು ಅನ್ನುತ್ತಿದ್ದರು. ಗಿರಾಕಿಗಳಿಗೆ ಅವನು ಹೇಳುವ ಮಾತೊಂದಿತ್ತು, ಹೇಳಿ ಹೇಳಿ ನಾಲಿಗೆಗೆ ಅಂಟಿಹೋದದ್ದು: ಕೊಡುವವನ ಕೈ ಧಾರಾಳ ಇರಬೇಕು, ತಗೊಳ್ಳುವವನು ಎಳೆದಾಡಬಾರದು, ಆಗ ಸಂಸಾರ ಚೆನ್ನಾಗಿ ನಡೆಯುತ್ತದೆ. ಕನ್ವರ್ಟರ್ ಸುಲಭವಾಗಿ ಕೊಡಬೇಕು, ಆಂಪು ಸಾವಧಾನವಾಗಿ ತೆಗೆದುಕೊಳ್ಳಬೇಕು ಎಂಬುದು ಅದರ ಅರ್ಥ. ಕೇಳಿದವರು ನಗುತ್ತಿದ್ದರು. ನಿಮ್ಮ ಮನೆಯಲ್ಲಿ ಹೇಗೆ ಎಂದು ಇವತ್ತಿನ ತನಕ ಯಾರೂ ಕೇಳಿರಲಿಲ್ಲ, ಅವನ ಪುಣ್ಯ.

ಬೆಳಗಿನ ಹೊತ್ತೆಲ್ಲ ಅವನು ಕೆಲಸ ಮಾಡುವ ಹಾಗೆ ಕಾಣುತ್ತ ಆ ಪ್ರಶ್ನೆಯನ್ನೇ ಹುಡುಕಿದ. ಒಲೆ ರಿಪೇರಿಯವನನ್ನು ಕರೆಸಲಾ ಎಂದಿರಬಹುದು. ಹೌದು, ಎಡಗಡೆಯ ಬರ್ನರ್ ಸರಿಯಾಗಿ ಉರಿಯುತ್ತಿರಲಿಲ್ಲ. ಆದರೆ ಒಲೆ ರಿಪೇರಿಗೆ ಯಾರು ನಿಜವಾಗ್ಲೂ ಅನ್ನುತ್ತಾರೆ? ಕೂದಲು ಗಿಡ್ಡ ಮಾಡಿಸಲಾ ಎಂದಿರಬಹುದು. ಹೊಲಿಗೆ ಶಾಲೆಯಲ್ಲಿ ಪಾಠ ಹೇಳಲು ಕರೆದಿದ್ದಾರೆ ಎಂದು ಎಂದೋ ಅಂದಿದ್ದಳು, ಅದಿರಬಹುದು. ಅಥವಾ... ಧೂಳು ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ಅವನು ನಿಂತುಬಿಟ್ಟ. ಅಥವಾ ನಾನು ಹೋಗಿಬಿಡಲಾ ಎಂದಿದ್ದರೆ? ಸ್ವಲ್ಪ ದಿನ ಅಣ್ಣನ ಮನೆಯಲ್ಲಿ ಇದ್ದು ಬರಲಾ, ಅಲ್ಲ, ಅಲ್ಲೇ ಇದ್ದುಬಿಡಲಾ ಎಂದಿದ್ದರೆ? ತಾನು ಹೂಂ ಅಂದಿದ್ದರೆ? ನಿಜವಾಗ್ಲೂ ಎಂದಾಗ ಮತ್ತೂ ಹೂಂ ಅಂದಿದ್ದರೆ? ಎದೆಯಲ್ಲಿ ಯಾರೋ ಕುರ್ಚಿ ಎಳೆದ ಹಾಗಾಯಿತು. ಅಣ್ಣನ ಮನೆಯಲ್ಲಿ ಅವಳಿಗೆ ಜಾಗವಾದರೂ ಎಲ್ಲಿದೆ, ಅಲ್ಲಿ ಅತ್ತೆಗೇ ಜಾಗವಿಲ್ಲ. ಅತ್ತೆ ನಡುಮನೆಯ ಸೋಫಾದ ಮೇಲೆ ಮಲಗುತ್ತಿದ್ದರು. ಹೋದ ಸಲ ಹೋದಾಗ ಭಾವಮೈದನ ಮಕ್ಕಳು ಟಿವಿ ಹಾಕಿಕೊಂಡಿದ್ದರು, ಯಾವನೋ ಸುದ್ದಿಯವನು ಮನೆಗೆ ಬೆಂಕಿ ಬಿದ್ದ ಹಾಗೆ ಕಿರುಚುತ್ತಿದ್ದ, ಅತ್ತೆ ಸೋಫಾದ ಬೆನ್ನಿಗೆ ಮುಖ ಮಾಡಿ ಕಿವಿಯ ಮೇಲೆ ತೋಳಿಟ್ಟುಕೊಂಡು ಮಲಗಿದ್ದರು. ಆಗ ಇವನಿಗೆ ಅನ್ನಿಸಿದ್ದೇನು? ಈ ಟಿವಿಯಲ್ಲಿ ಮೇಲಿನ ಕೀಚಲು ದನಿ ಜಾಸ್ತಿಯಾಯಿತು, ಸ್ವಲ್ಪ ಇಳಿಸಬೇಕು ಎಂದು. ಟಿವಿಯ ದನಿ ಕೇಳಿಸಿತು, ತೋಳು ಕಾಣಲಿಲ್ಲ. ಬರುವಾಗ ದಾರಿಯಲ್ಲಿ ಹೆಂಡತಿ ಮೆಲ್ಲಗೆ, ಅಮ್ಮ ನಮ್ಮ ಜೊತೆ ಇರಬಹುದಿತ್ತು ಅಂದಳು. ಅವನು ಬೇಡ ಅನ್ನಲಿಲ್ಲ, ಬೇಡ ಅನ್ನುವಷ್ಟು ಕೆಟ್ಟವನಲ್ಲ ಅವನು. ಒಳಗಿನ ಕೋಣೆಗೆ ಗಾಳಿ ಆಡಲ್ಲ, ವಯಸ್ಸಾದವರಿಗೆ ಕಷ್ಟ ಎಂದ. ಆ ಕೋಣೆಯ ಗೋಡೆಗೆಲ್ಲ ಸದ್ದು ಹೀರುವ ಸ್ಪಂಜು ಅಂಟಿಸಿ, ಕಿಟಕಿಗೆ ದಪ್ಪ ಪರದೆ ಬಿಟ್ಟು ಗಾಳಿ ಆಡದ ಹಾಗೆ ಮಾಡಿದವನು ತಾನೇ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ಕಣ್ಣಿನ ಡಾಕ್ಟರು ಬಂದರು, ಜೊತೆಗೆ ಅವರ ಹೆಂಡತಿ. ಡಾಕ್ಟರು ಆ ಕನ್ವರ್ಟರನ್ನು ನೋಡದೆಯೇ ಒಪ್ಪಿಕೊಂಡವರು. ಇವತ್ತು ಅದಕ್ಕೆ ಆಂಪು ಹುಡುಕುವುದಿತ್ತು. ಅವರ ಹೆಂಡತಿ ದೊಡ್ಡ ಚೀಲವೊಂದನ್ನು ಮಡಿಲಲ್ಲಿಟ್ಟುಕೊಂಡು, ಇನ್ನೊಬ್ಬರ ಪೈಕಿ ಯಾರೋ ಸತ್ತ ಮನೆಗೆ ಬಂದವರ ಹಾಗೆ ಸಭ್ಯವಾಗಿ ಕೂತರು. ಯಜಮಾನರು ತಾವೇ ಬಂದು ಬಾಗಿಲಿಗೆ ಒರಗಿ ನಿಂತರು. ಅವರ ಕಣ್ಣು ಯಾವಾಗಲೂ ಆಂಪಿನ ಮೇಲಲ್ಲ, ಅದರ ಸುತ್ತಮುತ್ತಲಿನ ಸಾಮಾನಿನ ಮೇಲೆ. ಪೆಟ್ಟಿಗೆಯ ಕೆಳಗಿಡುವ ಹಿತ್ತಾಳೆಯ ಕಾಲುಗಳು, ಹಾವಿನಷ್ಟು ದಪ್ಪದ ಕರೆಂಟಿನ ತಂತಿ, ಖಾಲಿ ತೂತುಗಳಿಗೆ ತುರುಕುವ ಬಿರಡೆಗಳು. ಬಿರಡೆ ಹಾಕಿದರೆ ಹಿನ್ನೆಲೆ ಇನ್ನೂ ಕಪ್ಪಾಗುತ್ತದೆ, ಅಂದರೆ ಹಾಡಿನ ಹಿಂದಿನ ಮೌನ ಇನ್ನೂ ಗಾಢವಾಗುತ್ತದೆ ಎಂದು ಅವರು ಡಾಕ್ಟರಿಗೆ ಹೇಳಿದರು. ಕಣ್ಣಿನ ಡಾಕ್ಟರಿಗೆ ಕಪ್ಪಿನ ವಿಷಯ! ಅವರು ಗಂಭೀರವಾಗಿ ತಲೆ ಆಡಿಸಿದರು. ಅವನಿಗೆ ಈ ಬಿರಡೆಗಳ ಬಗ್ಗೆ ನಂಬಿಕೆಯಿರಲಿಲ್ಲ, ಆದರೆ ಉಪ್ಪು ತಿಂದ ಮನೆ, ಸುಮ್ಮನೆ ನೆಲ ನೋಡಿದ.

ಕೇಳುವ ಕೋಣೆಗೆ ಕಿಟಕಿಯಿರಲಿಲ್ಲ. ಬಾಗಿಲು ಹಾಕಿದರೆ ಬೀದಿ ಇಲ್ಲ, ಮಧ್ಯಾಹ್ನವೂ ಇಲ್ಲ. ಒಂದು ಹಳದಿ ದೀಪ, ನೆಲದ ಮೆತ್ತನೆಯ ಹಾಸು, ನೀರಿನೊಳಗೆ ಇಳಿದ ಹಾಗೆ ಕಿವಿಗೆ ಒತ್ತುವ ಮೌನ. ಎರಡು ಆಂಪುಗಳನ್ನು ಪಕ್ಕಪಕ್ಕ ಇಟ್ಟಿದ್ದ. ಒಂದು ತೆಳ್ಳಗಿನದು, ತಣ್ಣಗಿನದು, ಹೇಳಿದ್ದನ್ನು ಹೇಳಿದ ಹಾಗೆ ಒಪ್ಪಿಸುವಂಥದ್ದು. ಇನ್ನೊಂದು ದಪ್ಪನೆಯದು, ಕೂತಲ್ಲೇ ಬಿಸಿಯಾಗುವಂಥದ್ದು, ಹಾಡಲಿ ಬಿಡಲಿ ಮೈ ಕಾವೇರಿಸಿಕೊಂಡೇ ಇರುತ್ತದೆ. ಅಂಥದ್ದೇ ಹಳೆಯದೊಂದು ಅವನ ಮನೆಯಲ್ಲೂ ಇತ್ತು. ಹೋಲಿಸುವ ಮುಂಚೆ ಎರಡರ ದನಿಯನ್ನೂ ಅಳತೆ ಇಟ್ಟು ಸಮ ಮಾಡಬೇಕು. ಅದೊಂದು ನೇಮವನ್ನು ಅವನು ಎಂದೂ ಬಿಟ್ಟವನಲ್ಲ, ಯಾಕೆಂದರೆ ಕೂದಲೆಳೆಯಷ್ಟು ಜೋರಾಗಿದ್ದರೂ ಸಾಕು, ಮನುಷ್ಯನ ಕಿವಿ ಅದೇ ಒಳ್ಳೆಯದು ಎಂದುಬಿಡುತ್ತದೆ. ಮೆಲ್ಲಗೆ ಮಾತಾಡುವುದರ ಪಾಲಿಗೆ ನ್ಯಾಯ ಇಲ್ಲ. ಮೀಟರು ಹಿಡಿದು ಸಮ ಮಾಡುವಾಗಲೇ ಅವನಿಗೆ ಅನ್ನಿಸಿತು, ತನ್ನ ಮನೆಯಲ್ಲಿ ಯಾರು ಸಮ ಮಾಡಿದ್ದಾರೆ? ಅವಳ ದನಿಯೇ ಮೊದಲಿಂದ ತಗ್ಗು. ಮದುವೆಯಾದ ಹೊಸತರಲ್ಲಿ ಅವಳ ಮಾತು ಕೇಳಲು ಅವನು ಬಗ್ಗುತ್ತಿದ್ದ, ಬೀದಿಯಲ್ಲಿ ನಡೆಯುವಾಗಲೂ ಅವಳ ಕಡೆಗೆ ವಾಲಿಕೊಂಡೇ ನಡೆಯುತ್ತಿದ್ದ, ಕತ್ತು ನೋಯುತ್ತಿತ್ತು. ಆ ನೋವು ಯಾವಾಗ ಹೋಯಿತು? ನೆನಪಿಲ್ಲ. ಹೋದದ್ದಕ್ಕೆ ಸಂತೋಷಪಟ್ಟಿದ್ದನೋ ಏನೋ.

ಮೊದಲ ಆಂಪಿನಲ್ಲಿ ರೆಕಾರ್ಡಿನ ಆ ಹೆಂಗಸು ಹಾಡಿದಳು. ಡಾಕ್ಟರು ಕಣ್ಣು ಮುಚ್ಚಿ ಕೂತರು. ಅವನು ಎದ್ದು, ಸ್ಪೀಕರಿನ ತಂತಿಗಳನ್ನು ಬಿಚ್ಚಿ ಎರಡನೆಯ ಆಂಪಿಗೆ ಕಟ್ಟಿ, ಮೂಲೆಯ ತನ್ನ ಕುರ್ಚಿಗೆ ಮರಳಿದ. ಹಾಡು ಮತ್ತೆ ಶುರುವಾಯಿತು. ಈ ಸಲ ಅದು ಕೋಣೆಯ ತುಂಬ ಇತ್ತು, ಗೋಡೆಯ ಹಿಂದೆ, ತಲೆಯ ಮೇಲೆ, ಎಲ್ಲ ಕಡೆಯಿಂದಲೂ ಎಲ್ಲಿಂದಲೂ ಅಲ್ಲದೆಯೂ ಬಂತು, ಮಂಜು ಬರುವ ಹಾಗೆ. ಅವನಿಗೆ ಹಾಯೆನಿಸಿತು. ಕಣ್ಣು ತಾನಾಗಿ ಮುಚ್ಚಿಕೊಂಡಿತು. ಮಂಜಿನೊಳಗೆ ಅವನ ಮನೆಯ ಹೊಸ್ತಿಲು ಇತ್ತು, ಲೋಟ ಇತ್ತು, ತೊಟ್ಟಿಕ್ಕುವ ಹನಿ ಇತ್ತು, ಅವಳು ಬಾಯಿ ತೆರೆದಳು, ಈಗ ಕೇಳಿಸುತ್ತದೆ, ಈಗ, ತುಟಿ ಬಿಡಿಸಿಕೊಂಡ ಸದ್ದೂ ಕೇಳಿಸಿತು; ಅಷ್ಟರಲ್ಲಿ ಅವಳು ಲೋಟದ ಸಮೇತ ಹಿಂದಕ್ಕೆ ಹಿಂದಕ್ಕೆ ಸರಿದು ಗೋಡೆಯ ಸ್ಪಂಜಿನೊಳಗೆ ಇಳಿದುಹೋದಳು. ಅವನು ಕೈ ಚಾಚಿದ. ಗೋಡೆ ಮೆತ್ತಗಿತ್ತು. ಒಳಗಿಂದ ಅವಳು ಕೇಳುತ್ತಲೇ ಇದ್ದಳು, ಇವನು ಹೂಂ ಹೂಂ ಅನ್ನುತ್ತಲೇ ಇದ್ದ.

"ಆಕೆ ಎಲ್ಲಿ ಹೋದಳು?"

ಅವನು ಬೆಚ್ಚಿ ಕಣ್ಣು ತೆರೆದ. ಕೇಳಿದ್ದು ಡಾಕ್ಟರ ಹೆಂಡತಿ. ಅವರು ಚೀಲದ ಮೇಲೆ ಕೈಯಿಟ್ಟುಕೊಂಡು ಎರಡು ಸ್ಪೀಕರುಗಳ ನಡುವಿನ ಖಾಲಿ ಜಾಗವನ್ನೇ ನೋಡುತ್ತಿದ್ದರು. ಮೊದಲಿನದ್ದರಲ್ಲಿ ಹಾಡುವಾಕೆ ಇಲ್ಲಿ, ಸರಿಯಾಗಿ ನಡುವೆ, ನಿಂತುಕೊಂಡಿದ್ದಳು, ಈಗ ಅಲ್ಲಿ ಯಾರೂ ಇಲ್ಲ, ಬರೀ ಹಾಡು ಇದೆ ಎಂದರು. ಡಾಕ್ಟರು, ಹೌದಲ್ಲ ಅಂದರು. ಅವನು ಎದ್ದು ಆಂಪಿನ ಹಿಂದೆ ಬಗ್ಗಿ ನೋಡಿದ. ನೋಡುವುದೇನು, ನೋಡುವ ಮುಂಚೆಯೇ ಗೊತ್ತಾಗಿತ್ತು. ಆ ಆಂಪಿನ ಬೆನ್ನಿನಲ್ಲಿ ಒಂದು ಕಡೆಯ ಕೆಂಪು ಕಪ್ಪು ತೂತುಗಳು ಅದಲು ಬದಲಾಗಿ ಇರುತ್ತವೆ, ಅದು ಅವನಿಗೆ ಗೊತ್ತಿದ್ದ ವಿಷಯ. ಹೊಸಬರಿಗೆ ಎಚ್ಚರಿಕೆ ಹೇಳುವವನೇ ಅವನು. ಇವತ್ತು ಕೈ ತನ್ನ ಪಾಡಿಗೆ ತಾನು ಕೆಂಪಿನ ತೂತಿಗೆ ಕಪ್ಪು ತಂತಿ ಹಾಕಿಬಿಟ್ಟಿತ್ತು. ಹಾಗೆ ಕಟ್ಟಿದರೆ ಒಂದು ಸ್ಪೀಕರು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ, ನಡುವೆ ನಿಲ್ಲಬೇಕಾದ ದನಿ ಕರಗಿಹೋಗುತ್ತದೆ. ಕೈ ತಪ್ಪುವುದು ಇರಲಿ, ಯಾರದೂ ತಪ್ಪಬಹುದು. ಆದರೆ ಕಿವಿ? ಹಾಡು ಅರ್ಧ ಮುಗಿಯುವ ತನಕ ಕೂತು ಕೇಳಿದ್ದಾನೆ, ಹಾಯಾಗಿದೆ ಎಂದುಕೊಂಡಿದ್ದಾನೆ. ಯಜಮಾನರು ಬಾಗಿಲಲ್ಲೇ ನಕ್ಕರು. "ಏನು ದಲ್ಲಾಳಿಗಳೇ, ಹೆಣ್ಣನ್ನ ಬೇರೆ ಮನೆಗೆ ಕಳಿಸಿಬಿಟ್ರಾ?" ಡಾಕ್ಟರೂ ನಕ್ಕರು. ಅವನೂ ನಕ್ಕ, ನಗದೆ ಏನು ಮಾಡುತ್ತಾನೆ. ಬಗ್ಗಿದವನ ಕಿವಿಯ ತುದಿಗಳು ಕೆಂಡದ ಹಾಗಾಗಿದ್ದವು. ತಂತಿ ತಿರುಗಿಸಿ ಕಟ್ಟಿದ. ಆ ಹೆಂಗಸು ಮಂಜಿನಿಂದ ಹೊರಬಂದು ತನ್ನ ಜಾಗದಲ್ಲಿ ನಿಂತು, ಒಂದು ಉಸಿರು ತೆಗೆದುಕೊಂಡು ಹಾಡಿದಳು. ಅದು ಅಷ್ಟು ಸ್ಪಷ್ಟವಾಗಿತ್ತು, ಅವನಿಗೆ ನೋಡಲಾಗಲಿಲ್ಲ.

ಡಾಕ್ಟರು ಆ ಬಿಸಿ ಆಂಪನ್ನೇ ಒಪ್ಪಿಕೊಂಡರು. ಯಜಮಾನರು ಅವರನ್ನು ಬಿರಡೆ ಮತ್ತು ಹಿತ್ತಾಳೆಯ ಕಾಲುಗಳ ಕಡೆಗೆ ನಡೆಸಿಕೊಂಡು ಹೋದರು. ಕೋಣೆಯಲ್ಲಿ ಉಳಿದದ್ದು ಅವನು ಮತ್ತು ಡಾಕ್ಟರ ಹೆಂಡತಿ. ತಂತಿ ಸುತ್ತುತ್ತ, ಏನಾದರೂ ಅನ್ನಬೇಕಲ್ಲ ಎಂದು, ನಿಮ್ಮ ಕಿವಿ ತುಂಬ ಸೂಕ್ಷ್ಮ ಅಂದ. ಅವರು ಹಾಗೇನಿಲ್ಲ ಅಂದರು. ತಮಗೆ ಹಾಡು ಅಷ್ಟಕ್ಕಷ್ಟೇ, ಎದುರಿಗೆ ಮನುಷ್ಯರು ಇದ್ದಾರೋ ಇಲ್ಲವೋ ಎಂಬುದಷ್ಟೇ ಗೊತ್ತಾಗುತ್ತದೆ ಅಂದರು. ಅವನ ಬಾಯಿಂದ ಹೇಗೋ ಹೊರಬಿತ್ತು, ಡಾಕ್ಟರು ಹಾಡು ಕೇಳುವಾಗ ನೀವು ಏನು ಮಾಡುತ್ತೀರಿ ಎಂದು. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅವರಿಗೇನೂ ಅನ್ನಿಸಲಿಲ್ಲ.

"ನನ್ನ ಕೆಲಸ ನಾನು ಮಾಡ್ಕೋತೀನಿ. ಆ ಹೊತ್ತಲ್ಲಿ ಇವರನ್ನ ಏನೂ ಕೇಳಲ್ಲ. ಕೇಳಿದ್ರೆ ಎಲ್ಲದಕ್ಕೂ ಹೂಂ ಅಂತಾರೆ. ಆ ಹೂಂ ಲೆಕ್ಕಕ್ಕಿಲ್ಲ, ನಮ್ಮನೇಲಿ ಅದು ಎಲ್ಲರಿಗೂ ಗೊತ್ತು."

ಲೆಕ್ಕಕ್ಕಿಲ್ಲ! ಸಂಜೆ ಬಸ್ಸಿಗೆ ಕಾಯುವಾಗ ಅವನು ಆ ಮಾತನ್ನು ಬಾಯಿಯೊಳಗೆ ಪೆಪ್ಪರಮಿಂಟಿನ ಹಾಗೆ ಹೊರಳಿಸಿದ. ಹೌದಲ್ಲ. ಶೂ ಹಾಕಿಕೊಳ್ಳುವವನ ಹೂಂ ಯಾವ ನ್ಯಾಯದಲ್ಲಿ ಹೂಂ? ಅವಳು ಏನೇ ಕೇಳಿರಲಿ, ಮನೆಗೆ ಹೋಗಿ, ನೋಡು, ಆಗ ನನ್ನ ಗಮನ ಇರಲಿಲ್ಲ, ಅದು ಲೆಕ್ಕಕ್ಕಿಲ್ಲ ಅನ್ನುವುದು. ಡಾಕ್ಟರ ಮನೆಯಲ್ಲೇ ನಡೆಯುತ್ತದಂತೆ ಅನ್ನುವುದು. ಅವಳು ಹೊರಟು ನಿಂತಿದ್ದರೆ ಕೈ ಹಿಡಿದು ಅದನ್ನೇ ಅನ್ನುವುದು. ಬಸ್ಸು ಬಂತು, ನೂಕುನುಗ್ಗಲು, ಯಾರದೋ ಕೊಡೆಯ ಹಿಡಿ ಪಕ್ಕೆಗೆ ಚುಚ್ಚುತ್ತಿತ್ತು. ಸೇತುವೆಯ ಮೇಲೆ ಬೆಳಕು ಬಾಡಿತ್ತು, ನೀರಿನ ಮೇಲೆ ದೀಪಗಳು ಒಂದೊಂದಾಗಿ ಇಳಿಯುತ್ತಿದ್ದವು. ಎದುರು ಸೀಟಿನ ಹೆಂಗಸು ಗಂಡನಿಗೆ ಏನೋ ಹೇಳುತ್ತಿದ್ದಳು, ಅವನು ಕಿಟಕಿಯಾಚೆ ನೋಡುತ್ತ ತಲೆ ಆಡಿಸುತ್ತಿದ್ದ. ಎಚ್ಚರ ಮಾರಾಯ ಎಂದು ಅವನ ಭುಜ ತಟ್ಟಬೇಕೆನ್ನಿಸಿತು. ತನ್ನ ಮನೆಯ ಬೀದಿ ಹತ್ತಿರವಾದಂತೆ ಪೆಪ್ಪರಮಿಂಟು ಕರಗಿ ಬಾಯಿ ಒಣಗಿತು. ಮನೆ ಖಾಲಿಯಾಗಿದ್ದರೆ, ಯಾರ ಮುಂದೆ ಲೆಕ್ಕಕ್ಕಿಲ್ಲ ಅನ್ನುವುದು? ಮೆಟ್ಟಿಲ ಕೆಳಗೆ ನಿಂತು ಮೇಲೆ ನೋಡಿದ. ಅಡುಗೆಮನೆಯಲ್ಲಿ ದೀಪ ಇತ್ತು. ಇದ್ದಾಳೆ! ಅವನು ಕಂಬಿ ಹಿಡಿದು ಎರಡೆರಡು ಮೆಟ್ಟಿಲು ಹತ್ತಿದ.

ಬಾಗಿಲ ಹೊರಗೆ ಒಂದು ಜೊತೆ ರಬ್ಬರ್ ಚಪ್ಪಲಿ ಬಿಟ್ಟಿತ್ತು. ಸಣ್ಣ ಅಳತೆಯದು, ಬಲಗಾಲಿನದು ಒಂದೇ ಕಡೆ ಸವೆದು ವಾಲಿತ್ತು. ಅವನು ಅದನ್ನು ನೋಡುತ್ತ ನಿಂತ. ಎಡಗಾಲಿನ ಮಂಡಿಗೆ ಬಲವಿಲ್ಲದವರು ಬಲಗಾಲಿನ ಮೇಲೆ ಭಾರ ಹಾಕಿ ನಡೆಯುವ ಚಪ್ಪಲಿ. ಅದು ಅತ್ತೆಯದು. ಒಂದು ದಿನಕ್ಕೆ ಬಂದು ಹೋಗುವವರ ಚಪ್ಪಲಿಯ ಪಕ್ಕ ಊರುಗೋಲು, ಹಳೆಯ ಟ್ರಂಕು, ಸುತ್ತಿ ಕಟ್ಟಿದ ಹಾಸಿಗೆ ಇರುವುದಿಲ್ಲ. ಬೆಳಗಿನಿಂದ ಹುಡುಕುತ್ತಿದ್ದ ಪ್ರಶ್ನೆ ಹೊಸ್ತಿಲ ಹೊರಗೇ ಸಿಕ್ಕಿತು. ಹೂಂ ಅಂದದ್ದು ಇದಕ್ಕೆ.

ಒಳಗೆ ಕಾಲಿಟ್ಟರೆ ನಡುಮನೆ ಅವನ ನಡುಮನೆಯಾಗಿರಲಿಲ್ಲ. ಊಟದ ಮೇಜು ಗೋಡೆಗೆ ಸರಿದಿತ್ತು. ಅದರ ಎದುರಿಗೆ ಒಳಗಿನ ಕೋಣೆಯಲ್ಲಿದ್ದ ಅವನ ಸ್ಪೀಕರುಗಳು ನಿಂತಿದ್ದವು, ನಡುವೆ ಪುಸ್ತಕದ ಗೂಡಿನಲ್ಲಿ ಅವನ ಹಳೆಯ ಕನ್ವರ್ಟರು, ಅದರ ಪಕ್ಕ ಅವನ ಬಿಸಿ ಆಂಪು. ಆಂಪಿನ ತಲೆಯ ಮೇಲೆ, ಗಾಳಿಯಾಡುವ ಸಂದುಗಳನ್ನೆಲ್ಲ ಮುಚ್ಚಿ, ಕಸೂತಿ ಹಾಕಿದ ಬಿಳಿ ಬಟ್ಟೆ ಹಾಸಿತ್ತು. ಅಯ್ಯೋ, ಸುಟ್ಟುಹೋಗುತ್ತದೆ! ಬಟ್ಟೆ ಎಳೆಯಲು ಹೋದವನು ಅಲ್ಲೇ ನಿಂತ. ಆಂಪಿನ ಮುಂದೆ, ಅವನು ಮಾತ್ರ ಕೂರುವ ಕುರ್ಚಿಯಲ್ಲಿ, ಅತ್ತೆ ಕೂತಿದ್ದರು. ಕಸೂತಿಯ ಮೇಲೆ ಎರಡೂ ಅಂಗೈಗಳನ್ನು ಊರಿದ್ದರು, ಅಂಗೈ ಕಾದ ಮೇಲೆ ತೆಗೆದು ಎಡ ಮಂಡಿಗೆ ಒತ್ತಿಕೊಳ್ಳುತ್ತಿದ್ದರು, ಮತ್ತೆ ಊರುತ್ತಿದ್ದರು. ಇವನನ್ನು ನೋಡಿ ಏಳಲು ಹೋದರು. ಅವನು ಕೂತ್ಕೊಳ್ಳಿ ಅತ್ತೆ ಅಂದ.

"ಇದು ಏನಪ್ಪಾ, ಒಲೆನಾ?"

"ಅಲ್ಲ ಅತ್ತೆ. ಆಂಪ್ಲಿಫೈಯರ್."

"ಏನೋ. ಮಂಡಿಗೆ ತುಂಬಾ ಹಿತವಾಗಿದೆ."

ಅವನು ಆಂಪಿನ ಹಿಂದೆ ಬಗ್ಗಿದ. ಅಭ್ಯಾಸ. ಎರಡು ಕಡೆಯೂ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಅವನೇ ಕಟ್ಟಿದಷ್ಟು ಬಿಗಿಯಾಗಿ. ಅವನ ಆಂಪಿನಲ್ಲೂ ಆ ಅದಲು ಬದಲು ಇತ್ತು. ಕೆಂಪಿನ ಪಕ್ಕದಲ್ಲಿ ಅವಳು ಉಗುರಿನ ಬಣ್ಣದಿಂದ ಒಂದೊಂದು ಚುಕ್ಕೆ ಇಟ್ಟುಕೊಂಡು ಕಟ್ಟಿದ್ದಳು. ಅವಳಿಗೆ ಯಾರು ಹೇಳಿಕೊಟ್ಟರು? ಯಾರೂ ಇಲ್ಲ. ಮನೆಯಲ್ಲಿ ಕೂತು ಗಿರಾಕಿಗಳಿಗೆ ಫೋನಿನಲ್ಲಿ, ನೋಡಿ, ಬಲಗಡೆಯದ್ದು ತಿರುಗುಮುರುಗು ಇರುತ್ತೆ, ಹುಷಾರು ಎಂದು ಎಷ್ಟು ಸಲ ಹೇಳಿದ್ದಾನೋ. ಅವಳು ಒಗ್ಗರಣೆ ಹಾಕುತ್ತ, ಬಟ್ಟೆ ಮಡಚುತ್ತ ಕೇಳಿಸಿಕೊಂಡಿದ್ದಳು. ಅವನ ಕಣ್ಣಿನಲ್ಲಿ ನೀರು ಬಂತು. ಬಗ್ಗಿಕೊಂಡೇ ಸ್ವಲ್ಪ ಹೊತ್ತು ಇದ್ದ, ತಂತಿ ನೋಡುವವನ ಹಾಗೆ. ಆಮೇಲೆ ಎದ್ದು ಕಸೂತಿ ಬಟ್ಟೆಯನ್ನು ಮೆಲ್ಲಗೆ ಒಂದು ಕಡೆಗೆ ಸರಿಸಿ, ಸಂದುಗಳು ತೆರೆದುಕೊಳ್ಳುವಷ್ಟು ಜಾಗ ಮಾಡಿ, ಇಲ್ಲಿ ಇನ್ನೂ ಬಿಸಿ ಇರುತ್ತೆ ಅತ್ತೆ, ಕೈ ಸುಟ್ಕೋಬೇಡಿ ಅಂದ.

ಊಟ ಬೇಗ ಆಯಿತು. ಹೆಂಡತಿ ಅವನ ಮುಖ ನೋಡಲಿಲ್ಲ, ಬಡಿಸುವಾಗ ತಟ್ಟೆಯನ್ನೇ ನೋಡಿದಳು. ಅವಳ ಅಣ್ಣ ಟೆಂಪೋದಲ್ಲಿ ತಂದು ಬಿಟ್ಟು ಹೋದದ್ದು, ಸಾಮಾನು ಸರಿಸಲು ಕೆಳಗಿನ ಮನೆಯವರು ಕೈ ಹಾಕಿದ್ದು, ಅತ್ತೆ ಬಂದವರೇ ಆ ಕೋಣೆಯಲ್ಲಿ ಅಡ್ಡಾಗಿ ಮಧ್ಯಾಹ್ನವೆಲ್ಲ ಮಗುವಿನ ಹಾಗೆ ನಿದ್ದೆ ಮಾಡಿದ್ದು, ಎಲ್ಲ ಅತ್ತೆಯೇ ಹೇಳಿದರು. ಏನು ಕೋಣೆಯಪ್ಪಾ ಅದು, ಒಂದು ಸದ್ದಿಲ್ಲ, ಸತ್ತೇನೋ ಅಂತ ಎದ್ದು ನೋಡ್ಕೊಂಡೆ ಎಂದು ತಾವೇ ನಕ್ಕರು. ಕಿಟಕಿಯ ಪರದೆ ತೆಗೆದುಹಾಕಿದ್ದರು, ಗಾಳಿ ಚೆನ್ನಾಗಿಯೇ ಆಡುತ್ತಿತ್ತು. ಅವನು ಅನ್ನದಲ್ಲಿ ಬೆರಳಾಡಿಸುತ್ತ ತಲೆ ತಗ್ಗಿಸಿದ. ಅತ್ತೆ ಗೋಡೆ ಹಿಡಿದು ಒಳಗೆ ಹೋಗಿ ಮಲಗಿದ ಮೇಲೆ ಅವನು ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದ. ಅವಳು ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿದ್ದಳು. ಲೆಕ್ಕಕ್ಕಿಲ್ಲ ಎಂಬ ಮಾತು ಬಾಯಲ್ಲಿ ತಯಾರಾಗಿತ್ತು. ಹೇಳಿದರೆ ಕೋಣೆ ವಾಪಸ್ಸು ಬರುತ್ತಿತ್ತೋ ಏನೋ. ಹೇಳದೆ ಸುಮ್ಮನಿದ್ದರೆ ದೊಡ್ಡ ಮನಸ್ಸಿನವನು ಎಂಬ ಹೆಸರಾದರೂ ಉಳಿಯುತ್ತಿತ್ತು. ಎರಡೂ ಬೇಡವೆನಿಸಿತು.

"ಬೆಳಿಗ್ಗೆ ನೀನು ಕೇಳಿದ್ದು ನನಗೆ ಕೇಳಿಸ್ಲಿಲ್ಲ," ಅಂದ.

ಅವಳು ನಲ್ಲಿ ನಿಲ್ಲಿಸಿದಳು. ಇನ್ನು ಇವಳು ಗೋಡೆ ನೋಡಿಕೊಂಡು ಓಡಾಡುತ್ತಾಳೆ ಎಂದು ಅವನು ಕಾದ.

"ಗೊತ್ತು," ಅಂದಳು. "ಕೇಳಿಸಲ್ಲ ಅಂತ ಗೊತ್ತಿದ್ದೇ ಕೇಳಿದೆ."

ಅವನಿಗೆ ತಕ್ಷಣ ಅರ್ಥವಾಗಲಿಲ್ಲ.

"ನೀವು ಲೇಸು ಕಟ್ಟುವಾಗ ಏನೋ ಗುನುಗ್ತಾ ಇದ್ರಿ. ಆ ಪೆಟ್ಟಿಗೆ ಯೋಚನೇಲಿದೀರಿ, ಈಗ ಏನು ಕೇಳಿದ್ರೂ ಹೂಂ ಅಂತೀರಿ ಅನ್ನಿಸ್ತು, ಕೇಳಿಬಿಟ್ಟೆ. ಆಮೇಲೆ ಪಾಪ ಅನ್ನಿಸಿ, ನಿಜವಾಗ್ಲೂ ಅಂದೆ, ಆಗಲಾದ್ರೂ ಕೇಳಿಸಿಕೊಳ್ಳಲಿ ಅಂತ. ಅದಕ್ಕೂ ಹೂಂ ಅಂದ್ರಿ." ಅವಳ ದನಿ ಇನ್ನೂ ತಗ್ಗಿತು. "ಕಳ್ಳತನ ಮಾಡಿದ ಹಾಗೆ ಇಡೀ ದಿನ ಎದೆ ಹೊಡ್ಕೋತಾ ಇದೆ ರೀ. ನೀವು ಬೇಡ ಅಂದ್ರೆ ನಾಳೆ ಅಣ್ಣನಿಗೆ ಫೋನ್ ಮಾಡ್ತೀನಿ."

ಹಾಗಾದರೆ ಬೆಳಿಗ್ಗೆ ಕಂಡ ಮುಖ ಅದು. ಕದ್ದವಳ ಮುಖ. ತನ್ನ ಅಮ್ಮನಿಗೆ ಒಂದು ಕೋಣೆ ಕೇಳಲು ಗಂಡನಿಗೆ ಕಿವಿ ಇಲ್ಲದ ಹೊತ್ತನ್ನು ಹೊಂಚಿ ಹಿಡಿಯಬೇಕಾದವಳ ಮುಖ. ಸಿಟ್ಟು ಬರುತ್ತದೇನೋ ಎಂದು ಅವನು ಕಾದು ನೋಡಿದ. ಬರಲಿಲ್ಲ. ನಾಚಿಕೆಯಾಯಿತು, ಮೈಯೆಲ್ಲ. ಹತ್ತಿರ ಹೋಗಿ, ಎಷ್ಟೋ ವರ್ಷದ ಹಿಂದಿನ ಹಾಗೆ, ಅವಳ ಕಡೆಗೆ ಬಗ್ಗಿದ. ಕತ್ತು ಹಿಡಿದುಕೊಂಡಿತು.

"ಇನ್ನೊಂದು ಸಲ ಕೇಳು."

"ಏನನ್ನ?"

"ಅದನ್ನೇ. ಬೆಳಿಗ್ಗೆ ಕೇಳಿದ ಹಾಗೇ."

ಅವಳು ಒದ್ದೆ ಕೈಯನ್ನು ಹಾಗೇ ಹಿಡಿದು ನಿಂತಳು. ಬೆರಳ ತುದಿಯಿಂದ ಹನಿ ನೆಲಕ್ಕೆ ಬಿತ್ತು. ತಗ್ಗಿದ ದನಿಯಲ್ಲಿ ಶುರು ಮಾಡಿದಳು. "ಅಮ್ಮನ್ನ ಇಲ್ಲಿಗೇ ಕರಕೊಂಡು ಬರ್ತೀನಿ." ಉಸಿರು ತೆಗೆದುಕೊಂಡಳು. ಆ ಉಸಿರಿನಲ್ಲಿ ಒಂದು ಸಣ್ಣ ನಡುಕವಿತ್ತು, ಹಲ್ಲು ಹೋದ ಸಂದಿಯಿಂದ ಗಾಳಿ ನುಸುಳುವ ಸದ್ದಿತ್ತು. ಅದನ್ನು ಅವನು ಈ ತನಕ ಕೇಳಿರಲಿಲ್ಲ. "ಒಳಗಿನ ಕೋಣೆ ಅವರಿಗೆ ಬಿಟ್ಟುಕೊಡ್ತೀರಾ?"

ಹೂಂ ಎಂಬುದು ತಾನಾಗಿ ಗಂಟಲಿಗೆ ಬಂತು. ಅವನು ಅದನ್ನು ತಡೆದ.

"ಬಿಟ್ಟುಕೊಡ್ತೀನಿ," ಅಂದ, ಒಂದೊಂದೇ ಅಕ್ಷರವಾಗಿ. "ಅಮ್ಮನ್ನ ಕರಕೊಂಡು ಬಾ."

ಅಮ್ಮ ಪಕ್ಕದ ಕೋಣೆಯಲ್ಲಿ ಆಗಲೇ ನಿದ್ದೆ ಹೋಗಿದ್ದರು. ಅವಳು ತೋಳಿನಿಂದ ಮೂಗು ಒರೆಸಿಕೊಂಡು, ನಲ್ಲಿಯ ಕಡೆ ತಿರುಗಿ, "ಹೂಂ" ಅಂದಳು.